ಕಣಕಾಲು ಮುರಿದಾಗ: ಕಟ್ಟು, ರಾಡ್, ಪ್ಲೇಟ್, ರಿಂಗ್ – ಯಾರಿಗೆ ಯಾವುದು ಹೊಂದುತ್ತದೆ?

ಬೈಕ್ ಅಪಘಾತದಲ್ಲಿ ಕಾಲು ಮುರಿದವರ ಮನೆಯವರು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. “ಆಪರೇಷನ್ ಮಾಡಿಸಲೇಬೇಕಾ?” “ರಾಡ್ ಒಳ್ಳೇದಾ, ಪ್ಲೇಟ್ ಒಳ್ಳೇದಾ?” “ಪುತ್ತೂರು ಕಟ್ಟು ಹಾಕಿಸಿದರೆ ಆಗಲ್ವಾ?” ಸಹಿ ಹಾಕಬೇಕಾದ ಕಾಗದ ಎದುರಿಗಿರುತ್ತದೆ, ಯೋಚಿಸಲು ಪುರುಸೊತ್ತು ಇರುವುದಿಲ್ಲ. ನಾನು ಫಿಸಿಯೋಥೆರಪಿ ಮಾಡಿಸುವವಳು. ಹೊಲಿಗೆ ಬಿಚ್ಚಿ ವಾರಗಳು ಕಳೆದ ಮೇಲೆ ಇದೇ ಜನ ನನ್ನ ಹತ್ತಿರ ಬರುತ್ತಾರೆ. ಅಷ್ಟು ಹೊತ್ತಿಗೆ ಪ್ರಶ್ನೆಗಳೇ ಬದಲಾಗಿರುತ್ತವೆ: ಕೆಳಗೆ ಕೂತು ಏಳುವುದು ಯಾವಾಗ, ಗದ್ದೆಗೆ ಇಳಿಯಬಹುದಾ, ಆಟೋ ಓಡಿಸಬಹುದಾ, ನಮಾಜಿಗೆ ಮಂಡಿಯೂರಬಹುದಾ. ಈ ಪ್ರಶ್ನೆಗಳನ್ನು ಮೊದಲ ದಿನವೇ ಡಾಕ್ಟರ ಮುಂದೆ ಇಡಬೇಕು ಅನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಆ ಕಾಲು ಯಾವ ಕೆಲಸಕ್ಕೆ, ಎಂಥ ಮನೆಗೆ ವಾಪಸಾಗಬೇಕು ಎಂಬುದನ್ನು ನೀವೇ ಹೇಳಬೇಕು.

ಇಲ್ಲಿ ಮುಖ್ಯವಾಗಿ ಟಿಬಿಯಾ ಬಗ್ಗೆ, ಅಂದರೆ ಮೊಣಕಾಲಿನಿಂದ ಪಾದದ ಗಂಟಿನವರೆಗಿನ ದೊಡ್ಡ ಮೂಳೆಯ ಬಗ್ಗೆ ಹೇಳುತ್ತೇನೆ. ದ್ವಿಚಕ್ರ ವಾಹನದವರಿಗೂ, ರಸ್ತೆ ದಾಟುವವರಿಗೂ ಪೆಟ್ಟು ಹೆಚ್ಚಾಗಿ ಬೀಳುವುದು ಅಲ್ಲೇ. ನಿಮ್ಮ ಕಣಕಾಲಿನ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಚರ್ಮದ ಕೆಳಗೆ ನೇರವಾಗಿ ಮೂಳೆಯೇ ಸಿಗುತ್ತದೆ, ನಡುವೆ ಮಾಂಸವಿಲ್ಲ. ಅದಕ್ಕೇ ಮುರಿದ ತುದಿ ಚರ್ಮ ಹರಿದು ಸುಲಭವಾಗಿ ಹೊರಬರುತ್ತದೆ. ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತ ಪೂರೈಕೆಯೂ ಕಡಿಮೆ, ಹಾಗಾಗಿ ಕೂಡುವುದೂ ನಿಧಾನ. ಗಾಯವಿಲ್ಲದ ಮುರಿತ ಸಾಮಾನ್ಯವಾಗಿ 4ರಿಂದ 6 ತಿಂಗಳಲ್ಲಿ ಕೂಡುತ್ತದೆ. ಮೂಳೆ ಹೊರಬಂದ ಮುರಿತಕ್ಕೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. “ಮೂರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ” ಎಂದು ಯಾರಾದರೂ ಹೇಳಿದರೆ ಆ ಲೆಕ್ಕದ ಮೇಲೆ ಸಾಲದ ಕಂತು, ಮಗಳ ಮದುವೆ ಯಾವುದನ್ನೂ ನಿಗದಿ ಮಾಡಿಕೊಳ್ಳಬೇಡಿ.

ಆಯ್ಕೆಗೆ ಅವಕಾಶವೇ ಇಲ್ಲದ ಎರಡು ಸಂದರ್ಭ

ಮೊದಲನೆಯದು, ಮೂಳೆ ಮುರಿದ ಜಾಗದಲ್ಲಿ ಗಾಯ. ಅದು ಉದ್ದಿನಕಾಳಿನಷ್ಟೇ ಇರಲಿ, ತೆರೆದ ಮುರಿತವೇ. ಆ್ಯಂಟಿಬಯೋಟಿಕ್ ಎಷ್ಟು ಬೇಗ ರಕ್ತನಾಳಕ್ಕೆ ಹೋಗುತ್ತದೋ ಅಷ್ಟು ಕೀವಿನ ಅಪಾಯ ಕಡಿಮೆ. ಟಿಟಿ ಬೇಕು, ಥಿಯೇಟರಿನಲ್ಲಿ ತೊಳೆದು ಸತ್ತ ಭಾಗವನ್ನು ತೆಗೆಯಬೇಕು. ದಾರಿಯಲ್ಲಿ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಶುಭ್ರ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಪಟ್ಟಿ ಅಥವಾ ರಟ್ಟು ಇಟ್ಟು ಕಟ್ಟಿ, 108ಕ್ಕೆ ಕರೆ ಮಾಡಿ.

ಎರಡನೆಯದು ಜನರಿಗೆ ಅಷ್ಟಾಗಿ ತಿಳಿಯದ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮೀನಖಂಡದ ಸ್ನಾಯುಗಳು ಬಿಗಿಯಾದ ಪೊರೆಗಳೊಳಗೆ ಇರುತ್ತವೆ. ಒಳಗೆ ರಕ್ತ, ಊತ ಹೆಚ್ಚಿ ಒತ್ತಡ ಏರಿದರೆ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಇಂಜೆಕ್ಷನ್ ಕೊಟ್ಟರೂ ನೋವು ಏರುತ್ತಲೇ ಹೋಗುವುದು, ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರೆ ಕಿರುಚುವಷ್ಟು ನೋವಾಗುವುದು, ಮೀನಖಂಡ ಕಲ್ಲಿನಂತೆ ಗಟ್ಟಿಯಾಗುವುದು, ಪಾದ ಜೋಮು ಹಿಡಿಯುವುದು ಇದರ ಗುರುತು. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ನರ್ಸನ್ನು ಎಬ್ಬಿಸಿ. ಪ್ಲಾಸ್ಟರ್ ಹಾಕಿದ್ದರೆ ಅದನ್ನು ಮೊದಲು ಸೀಳಿ ಸಡಿಲಿಸಬೇಕು, ಅಷ್ಟಕ್ಕೆ ಇಳಿಯದಿದ್ದರೆ ಪೊರೆ ಕೊಯ್ದು ಒತ್ತಡ ಬಿಡಿಸಬೇಕು. ಇವೆರಡರಲ್ಲಿ ಒಂದಿದ್ದರೂ ಮುಂದಿನ ಹೋಲಿಕೆಗಳೆಲ್ಲ ಆಮೇಲಿನ ಮಾತು.

ನಾಟಿ ಕಟ್ಟೋ, ಆಸ್ಪತ್ರೆಯೋ

ಚಿತ್ತೂರಿನ ಕಡೆಯ ಪುತ್ತೂರಿನ ಹೆಸರಿನಲ್ಲಿ ಬೆಂಗಳೂರಿನ ಓಣಿಗಳಲ್ಲೂ ಎಣ್ಣೆಕಟ್ಟಿನ ಬೋರ್ಡುಗಳಿವೆ. ಊರೂರಿನಲ್ಲಿ ತಲೆಮಾರುಗಳಿಂದ ಕಟ್ಟು ಕಟ್ಟುವ ಮನೆತನಗಳಿವೆ. ಜನ ಅಲ್ಲಿಗೆ ಹೋಗುವುದಕ್ಕೆ ಕಾರಣಗಳಿವೆ: ಖರ್ಚು ಕಡಿಮೆ, ಮಾತು ಅರ್ಥವಾಗುತ್ತದೆ, ಕೊಯ್ಯುವುದಿಲ್ಲ. ಜರುಗದ ಸಣ್ಣ ಬಿರುಕು ಯಾವ ಕಟ್ಟಿನಲ್ಲಾದರೂ ಕೂಡುತ್ತದೆ, ಅದೇ ಅವರ ಹೆಸರನ್ನು ಬೆಳೆಸುತ್ತದೆ. ಆದರೆ ಅಪಘಾತದ ಮುರಿತ ಜಾರಿಬಿದ್ದ ಮುರಿತವಲ್ಲ. ವೇಗದ ಪೆಟ್ಟಿಗೆ ಮೂಳೆ ಚೂರಾಗಿರುತ್ತದೆ, ಸುತ್ತಲ ಮಾಂಸ ಜಜ್ಜಿರುತ್ತದೆ, ಮೊದಲ ಮೂರು ದಿನ ಊತ ಏರುತ್ತಲೇ ಇರುತ್ತದೆ. ಆ ಊತದ ಮೇಲೆ ಬಿದಿರಿನ ದಬ್ಬೆಯ ಬಿಗಿ ಕಟ್ಟು ಬಿದ್ದರೆ ರಕ್ತ ಓಡಾಟ ನಿಂತು ಕಾಲು ಕಪ್ಪಾಗುತ್ತದೆ. ಹಾಗೆ ಕಪ್ಪಾದ ಬೆರಳುಗಳನ್ನು ನೋಡಿದವರು ಮರೆಯುವುದಿಲ್ಲ. ರಸ್ತೆ ಅಪಘಾತದ ಕಾಲಿಗೆ ನಾಟಿ ಕಟ್ಟು ಬೇಡವೇ ಬೇಡ. ಈಗಾಗಲೇ ಕಟ್ಟಿಸಿಕೊಂಡಿದ್ದು ಬೆರಳು ತಣ್ಣಗಾಗಿದ್ದರೆ, ಬಣ್ಣ ಬದಲಾಗಿದ್ದರೆ, ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಹೋಗಿ. ಬೈಯಬಹುದು ಎಂಬ ಸಂಕೋಚದಿಂದ ತಡ ಮಾಡಬೇಡಿ.

ಪ್ಲಾಸ್ಟರೋ, ರಾಡೋ

ಪ್ಲಾಸ್ಟರ್ ಹಳೆಯ ಕಾಲದ ಚಿಕಿತ್ಸೆ, ಬಡವರಿಗೆ ಮಾತ್ರ ಎಂಬ ಭಾವನೆ ತಪ್ಪು. ಗಾಯವಿಲ್ಲದ, ಹೆಚ್ಚು ಜರುಗದ, ಗಿಡ್ಡವಾಗದ ಮುರಿತಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲು ತೊಡೆಯವರೆಗೆ ಹಾಕಿ, ಕೆಲವು ವಾರಗಳ ಬಳಿಕ ಮೊಣಕಾಲು ಬಿಟ್ಟು ಕೆಳಗೆ ಮಾತ್ರ ಹಾಕಿದರೆ ರೋಗಿ ಅದರಲ್ಲೇ ನಡೆಯಬಹುದು. ಸೋಂಕಿನ ಭಯವಿಲ್ಲ, ಲೋಹವಿಲ್ಲ. ಬೆಲೆ ತೆರುವುದು ಸಮಯದಲ್ಲಿ: ತಿಂಗಳುಗಟ್ಟಲೆ ಕಾಲು ಒಳಗೇ ಇರಬೇಕು, ಮೀನಖಂಡ ಸೊರಗುತ್ತದೆ, ಪಾದದ ಗಂಟು ಬಿಗಿಯುತ್ತದೆ. ಒಂದೆರಡು ವಾರಕ್ಕೆ ಒಮ್ಮೆ ಎಕ್ಸ್‌ರೇ ತೆಗೆಸಿ ಮೂಳೆ ಜರುಗಿಲ್ಲವೆಂದು ನೋಡುತ್ತಿರಬೇಕು. ಅಷ್ಟು ಸಲ ಪಟ್ಟಣಕ್ಕೆ ಬಂದು ಹೋಗಲು ಆಗದವರಿಗೆ ಪ್ಲಾಸ್ಟರ್ ಅಗ್ಗವಲ್ಲ.

ರಾಡ್ ಅಂದರೆ ಮೂಳೆಯ ಒಳಗಿನ ಟೊಳ್ಳಿನಲ್ಲಿ ಇಳಿಸುವ ಇಂಟರ್‌ಲಾಕಿಂಗ್ ನೈಲ್. ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ 1940ರ ಸುಮಾರಿಗೆ ಬಳಕೆಗೆ ತಂದ ಉಪಾಯ, ಮೇಲೆ ಕೆಳಗೆ ಸ್ಕ್ರೂ ಸೇರಿ ಈಗಿನ ರೂಪಕ್ಕೆ ಬಂದಿದೆ. ಟಿಬಿಯಾದ ನಡುಭಾಗ ಜರುಗಿ ಮುರಿದಿದ್ದರೆ ಇವತ್ತು ಮೊದಲ ಆಯ್ಕೆ ಇದೇ. ಮುರಿತದ ಜಾಗವನ್ನು ತೆರೆಯದೆ ಮೊಣಕಾಲಿನ ಬಳಿಯಿಂದ ಇಳಿಸುವುದರಿಂದ ಅಲ್ಲಿಯ ರಕ್ತ ಪೂರೈಕೆ ಉಳಿಯುತ್ತದೆ. ಎಷ್ಟೋ ಮುರಿತಗಳಲ್ಲಿ ಕೆಲವೇ ದಿನಗಳಲ್ಲಿ ವಾಕರ್ ಹಿಡಿದು ನೆಲಕ್ಕೆ ಕಾಲೂರಬಹುದು. ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲದ ಒಂಟಿ ಹೆಂಗಸಿಗೆ, ದಿನಗೂಲಿಯವನಿಗೆ ಇದು ದೊಡ್ಡ ಲಾಭ.

ರಾಡಿನ ಒಂದು ಕೊರತೆಯನ್ನು ಆಪರೇಷನ್‌ಗೆ ಮುಂಚೆ ಹೇಳುವವರು ಕಡಿಮೆ. ರಾಡ್ ಹಾಕಿಸಿಕೊಂಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಮೊಣಕಾಲಿನ ಮುಂಭಾಗದಲ್ಲಿ ಒಂದಲ್ಲ ಒಂದು ಮಟ್ಟದ ನೋವು ಉಳಿಯುತ್ತದೆ, ಅದೂ ಮಂಡಿಯೂರಿದಾಗ. ಮೇಜಿನ ಕೆಲಸದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಟೈಲ್ಸ್ ಹಾಕುವವರಿಗೆ, ಐದು ಹೊತ್ತು ನಮಾಜು ಮಾಡುವವರಿಗೆ, ನೆಲದ ಮೇಲೆ ಕೂತು ಹೂ ಕಟ್ಟುವವರಿಗೆ ದಿನವೂ ಕಾಡುತ್ತದೆ. ರಾಡ್ ಬೇಡ ಅನ್ನುತ್ತಿಲ್ಲ. ಕೆಲಸ ಏನೆಂದು ಸರ್ಜನ್‌ಗೆ ಹೇಳಿ, ಮಂಡಿಯ ಕೆಳಗೆ ಮೆತ್ತೆ ಇಟ್ಟುಕೊಳ್ಳುವುದು, ಕುರ್ಚಿಯಲ್ಲಿ ಕೂತು ಪ್ರಾರ್ಥಿಸುವುದು, ಹೀಗೆ ಮೊದಲೇ ಅಣಿಯಾಗಿ.

ರಾಡೋ, ಪ್ಲೇಟೋ

ಮುರಿತ ಕೀಲಿನೊಳಗೆ ಹೋಗಿದ್ದರೆ, ಮೊಣಕಾಲಿನ ತಳದ ಹಾಸು ಕುಸಿದಿದ್ದರೆ, ಪಾದದ ಗಂಟಿನ ಮೇಲ್ಛಾವಣಿ ಒಡೆದಿದ್ದರೆ, ಹೆಚ್ಚಾಗಿ ಪ್ಲೇಟೇ ಬೇಕು, ಅಂದರೆ ಮೂಳೆಯ ಮೇಲೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಪಟ್ಟಿ. ಕೀಲಿನ ಮೇಲ್ಮೈ ಸಮವಾಗಿ ಕೂರದಿದ್ದರೆ ಮುಂದೆ ಸವೆತ ಬರುತ್ತದೆ. ಇಂಥ ಮುರಿತದಲ್ಲಿ ಊತ ಇಳಿಯುವವರೆಗೆ ಒಂದೆರಡು ವಾರ ಹೊರಗಿನ ಸರಳುಗಳಲ್ಲಿ ಕಾಲನ್ನು ಹಿಡಿದಿಟ್ಟು ಆಮೇಲೆ ಪ್ಲೇಟ್ ಹಾಕುವುದುಂಟು. “ಎರಡೆರಡು ಸಲ ಆಪರೇಷನ್ ಮಾಡಿ ದುಡ್ಡು ಕೀಳುತ್ತಾರೆ” ಎಂದು ನೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಊದಿದ ಚರ್ಮವನ್ನು ಕೊಯ್ದರೆ ಗಾಯ ಕೂಡುವುದಿಲ್ಲ. ಕೀಲಿನ ಪ್ಲೇಟಿಗೆ 6ರಿಂದ 12 ವಾರ ಕಾಲೂರುವಂತಿಲ್ಲ ಎಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಬೇಕು.

ಕೀಲಿಗೆ ತಾಗದೆ ಟಿಬಿಯಾದ ಕೆಳತುದಿ ಮುರಿದಾಗ ಮಾತ್ರ ಎರಡಕ್ಕೂ ಜಾಗವಿದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 321 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಹೊತ್ತಿಗೆ ರಾಡಿನವರು ಸ್ವಲ್ಪ ಮುಂದಿದ್ದರು, ಆರು ತಿಂಗಳ ಹೊತ್ತಿಗೆ ವ್ಯತ್ಯಾಸ ಅಳಿಸಿಹೋಗಿತ್ತು. ಹಾಗಾಗಿ ಇಲ್ಲಿ ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಬೇಗ ಕೆಲಸಕ್ಕೆ ಮರಳಲೇಬೇಕಾದವರಿಗೆ ರಾಡಿನ ಕಡೆ ವಾಲುತ್ತೇನೆ. ಸ್ಟೀಲೋ ಟೈಟಾನಿಯಮ್ಮೋ ಎಂಬ ಚರ್ಚೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎರಡರಲ್ಲೂ ಮೂಳೆ ಕೂಡುತ್ತದೆ. ಟೈಟಾನಿಯಮ್ಮಿಗಾಗಿ ಸಾಲ ಮಾಡುವ ಬದಲು ಆ ಹಣವನ್ನು ಮುಂದಿನ ಮೂರು ತಿಂಗಳ ವ್ಯಾಯಾಮಕ್ಕೂ ಊಟಕ್ಕೂ ಎತ್ತಿಡಿ.

ರಿಂಗುಗಳ ಕಾಲು

ಮೂಳೆ ತುಂಡು ಬಿದ್ದುಹೋದಾಗ, ಕೀವಾದಾಗ, ವರ್ಷವಾದರೂ ಕೂಡದಿದ್ದಾಗ ಬರುವ ಹೆಸರು ಇಲಿಜರೋವ್. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಗವ್ರೀಲ್ ಇಲಿಜರೋವ್ 1950ರ ದಶಕದಲ್ಲಿ ಕಟ್ಟಿದ ವಿಧಾನ. ಕಾಲಿನ ಸುತ್ತ ಉಂಗುರಗಳು, ಚರ್ಮದ ಮೂಲಕ ಮೂಳೆಗೆ ಹೋಗುವ ತಂತಿಗಳು. ಆರೋಗ್ಯವಾಗಿರುವ ಜಾಗದಲ್ಲಿ ಮೂಳೆಯನ್ನು ಕತ್ತರಿಸಿ, ದಿನಕ್ಕೆ 1 ಮಿಲಿಮೀಟರಿನಂತೆ ಎಳೆದರೆ ಹಿಂದೆ ಹೊಸ ಮೂಳೆ ಬೆಳೆಯುತ್ತ ಬರುತ್ತದೆ. ಆ 1 ಮಿಲಿಮೀಟರನ್ನು ನಾಲ್ಕು ಸಲ ನಟ್ಟು ತಿರುಗಿಸಿ ಮಾಡಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಸ್ಪ್ಯಾನರ್ ಹಿಡಿದು ಕೂರುವುದು ಸಾಮಾನ್ಯವಾಗಿ ಹೆಂಡತಿ ಅಥವಾ ಮಗ. ತಂತಿ ಚರ್ಮಕ್ಕೆ ಹೊಕ್ಕ ಪ್ರತಿ ಜಾಗವನ್ನೂ ಶುಚಿ ಮಾಡಬೇಕು, ಕೆಂಪಾಗಿದೆಯಾ, ಒಸರುತ್ತಿದೆಯಾ ನೋಡಬೇಕು. ಪ್ಯಾಂಟಿನ ಒಂದು ಕಾಲನ್ನು ಸೀಳಿ ಲಾಡಿ ಹೊಲಿಸಿಕೊಳ್ಳುತ್ತಾರೆ. ಮಗ್ಗುಲು ಬದಲಿಸಿದರೆ ರಿಂಗು ಇನ್ನೊಂದು ಕಾಲಿಗೆ ತಗಲುತ್ತದೆಂದು ಎಷ್ಟೋ ಜನ ನೆಟ್ಟಗೆ ನಿದ್ದೆ ಮಾಡುವುದೇ ಇಲ್ಲ. ಒಂದು ಸೆಂಟಿಮೀಟರ್ ಹೊಸ ಮೂಳೆ ಬೆಳೆದು ಗಟ್ಟಿಯಾಗಲು ಒಂದೆರಡು ತಿಂಗಳು ಬೇಕು. ಐದು ಸೆಂಟಿಮೀಟರಿನ ಕೊರತೆಯೆಂದರೆ ಎಷ್ಟು ಕಾಲ ಎಂದು ನೀವೇ ಲೆಕ್ಕ ಹಾಕಿ.

ಇಷ್ಟಾದರೂ ಇದರ ಒಂದು ಗುಣ ನನಗೆ ಬಹಳ ಇಷ್ಟ: ರಿಂಗುಗಳಿರುವಾಗಲೇ ಕಾಲೂರಿ ನಡೆಯಬಹುದು, ನಡೆಯಲೇಬೇಕು. ನಡೆದಷ್ಟೂ ಮೂಳೆ ಬಲಿಯುತ್ತದೆ. ಮಲಗಿದವರ ರಿಂಗು ತಡವಾಗಿ ಬಿಚ್ಚುತ್ತದೆ. ಮನೆಯಲ್ಲಿ ಶುಚಿಗೆ ನೀರು, ಜೊತೆಗೊಬ್ಬರು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಅನುಕೂಲ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಒಪ್ಪುವ ಮುನ್ನ ಅದಕ್ಕೊಂದು ದಾರಿ ಮಾಡಿಕೊಳ್ಳಿ.

ಉಳಿಸುವುದೋ, ತೆಗೆಯುವುದೋ

ಈ ಪ್ರಶ್ನೆ ಎದುರಾದ ಕುಟುಂಬಕ್ಕೆ ಹೇಳುವ ಮಾತು ಕಷ್ಟದ್ದು, ಆದರೂ ಹೇಳಬೇಕು. ಕಾಲು ಉಳಿದರೆ ಬದುಕು ಉಳಿಯಿತು, ತೆಗೆದರೆ ಮುಗಿಯಿತು ಎಂಬುದು ನಿಜವಲ್ಲ. ಅಮೆರಿಕದ ಎಂಟು ಟ್ರಾಮಾ ಕೇಂದ್ರಗಳಲ್ಲಿ ಕಾಲು ತೀವ್ರವಾಗಿ ಜಜ್ಜಿದ 569 ಜನರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಹೊರಬಂತು. ಕಾಲು ಉಳಿಸಿಕೊಂಡವರಿಗೂ ಕಳೆದುಕೊಂಡವರಿಗೂ ದಿನನಿತ್ಯದ ಬದುಕಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಸರಿಸುಮಾರು ಅರ್ಧದಷ್ಟು ಜನ ಮಾತ್ರ ಕೆಲಸಕ್ಕೆ ಮರಳಿದ್ದರು. ಉಳಿಸಿಕೊಂಡವರು ಹೆಚ್ಚು ಸಲ ಮತ್ತೆ ಆಸ್ಪತ್ರೆ ಸೇರಿದ್ದರು. ಯಾರ ಬದುಕು ಹೆಚ್ಚು ಕುಸಿಯಿತು ಎಂದು ನೋಡಿದರೆ ಕಾರಣಗಳು ಮೂಳೆಯ ಹೊರಗಿದ್ದವು: ಬಡತನ, ಕಡಿಮೆ ಓದು, ವಿಮೆ ಇಲ್ಲದಿರುವುದು, ಧೂಮಪಾನ, ಜೊತೆಗೆ ನಿಲ್ಲುವ ಜನರಿಲ್ಲದಿರುವುದು, ನನ್ನಿಂದ ಆಗುತ್ತದೆ ಎಂಬ ನಂಬಿಕೆ ಇಲ್ಲದಿರುವುದು. ಇದನ್ನು ಓದಿದ ಮೇಲೆ ರೋಗಿಯ ಜೊತೆ ಬಂದವರೊಂದಿಗೂ ಕೂತು ಮಾತಾಡುವುದು ನನಗೆ ಚಿಕಿತ್ಸೆಯ ಭಾಗವೇ ಆಗಿದೆ.

ಪಾದಕ್ಕೆ ಸ್ಪರ್ಶವೇ ಇಲ್ಲ, ಹತ್ತಾರು ಆಪರೇಷನ್ನುಗಳ ದಾರಿ ಮುಂದಿದೆ ಎಂದಾಗ ಮೊಣಕಾಲಿನ ಕೆಳಗೆ ತೆಗೆಯುವುದು ಸೋಲಲ್ಲ. ಮೊಣಕಾಲು ಉಳಿದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ. 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಜೈಪುರ ಪಾದದಲ್ಲಿ ಬರಿಗಾಲಲ್ಲಿ ನಡೆಯಬಹುದು, ಕೆಸರಿಗೆ ಇಳಿಯಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಕೊಡುತ್ತ ಬಂದಿದೆ.

ದುಡ್ಡಿನ ದಾರಿ

ಅಪಘಾತದ ಮುರಿತಕ್ಕೆ ಸರ್ಕಾರಿ ಆಸ್ಪತ್ರೆ ಅನಿವಾರ್ಯದ ಆಯ್ಕೆ ಎಂದುಕೊಳ್ಳಬೇಡಿ. ಬೆಂಗಳೂರು ಜಯನಗರದ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಸಂಸ್ಥೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್ಲಾಕ್, ಹುಬ್ಬಳ್ಳಿಯ ಕಿಮ್ಸ್, ಇಂಥ ಕಡೆಗಳಲ್ಲಿ ಕೈಗಳು ಪಳಗಿರುವುದೇ ಇಂಥ ಕಾಲುಗಳ ಮೇಲೆ. ಸರದಿ ಉದ್ದ, ಹಾಸಿಗೆ ಸಿಗುವುದು ಕಷ್ಟ, ವ್ಯಾಯಾಮ ಹೇಳಿಕೊಡುವವರಿಗೆ ಸಮಯವಿರುವುದಿಲ್ಲ. ಖಾಸಗಿಯಲ್ಲಿ ಕಾಯುವುದು ಕಡಿಮೆ, ಬಿಲ್ಲು ದೊಡ್ಡದು. ಎರಡು ವಾರ ಮುಗಿದ ಮೇಲೂ ಕೈಯಲ್ಲಿ ಹಣ ಉಳಿಯುವ ದಾರಿ ಯಾವುದೋ ಅದನ್ನು ಹಿಡಿಯಿರಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಯೋಜನೆಯಲ್ಲಿ, ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಟ್ಟಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಕಾರ್ಡು ಮನೆಯಲ್ಲಿದೆ ಎಂದು ಸುಮ್ಮನಾಗಬೇಡಿ, ದಾಖಲಾದ ದಿನವೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ಕಂಡು ಕೇಳಿ.

ಪೊಲೀಸ್ ದೂರು, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಔಷಧಿ ಬಿಲ್ಲು, ಒಂದು ಚೀಟಿಯನ್ನೂ ಎಸೆಯದೆ ಒಂದೇ ಫೈಲಿನಲ್ಲಿಡಿ. ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಕಾಲಿನ ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದೂ, ದುಡಿಮೆ ಶೇಕಡಾ ಎಷ್ಟು ನಷ್ಟವಾಯಿತು ಎಂಬುದೂ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೈ ಹೋದ ಬಡಗಿಯ ನಷ್ಟವೂ ಗುಮಾಸ್ತನ ನಷ್ಟವೂ ಬೇರೆ ಬೇರೆ ಎಂಬುದು ಅಲ್ಲಿ ಕೊಟ್ಟ ಉದಾಹರಣೆ. ನಿಮ್ಮ ಕೆಲಸದಲ್ಲಿ ಕಾಲು ಏನೇನು ಮಾಡುತ್ತಿತ್ತು ಎಂದು ವಕೀಲರಿಗೆ ವಿವರವಾಗಿ ಬರೆದುಕೊಡಿ.

ಮನೆಗೆ ಬಂದ ಮೇಲೆ

ಯಾವುದನ್ನೇ ಹಾಕಿಸಿರಿ, ಮುಂದಿನ ಬದುಕನ್ನು ತೀರ್ಮಾನಿಸುವುದು ಪಾದದ ಗಂಟು ಮತ್ತು ಮೊಣಕಾಲು. ನಡೆಯಲು ಮೊಣಕಾಲು ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರಿಂದ 100 ಬೇಕು. ಕುಕ್ಕರಗಾಲಿಗೆ 120ಕ್ಕೂ ಮೇಲೆ. ಆದರೆ ನಮ್ಮ ಕಡೆ ಹೆಚ್ಚು ಜನ ಸೋಲುವುದು ಪಾದದ ಗಂಟಿನಲ್ಲಿ. ಪಾದ ಮೇಲಕ್ಕೆ ಬಾಗದಿದ್ದರೆ ಕುಕ್ಕರಗಾಲಲ್ಲಿ ಕೂತಾಗ ಹಿಮ್ಮಡಿ ನೆಲ ಬಿಡುತ್ತದೆ, ಮನುಷ್ಯ ಹಿಂದಕ್ಕೆ ಬೀಳುತ್ತಾನೆ. ಮೂಳೆ ಚೆನ್ನಾಗಿ ಕೂಡಿ, ಎಕ್ಸ್‌ರೇ ನೋಡಿ ಡಾಕ್ಟರು ಶಹಬ್ಬಾಸ್ ಅಂದು ಕಳಿಸಿದ ಮೇಲೂ ಹಳ್ಳಿಯ ಶೌಚಾಲಯದಲ್ಲಿ ಕೂರಲಾಗದೆ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ.

ಅದಕ್ಕೆ ಡಾಕ್ಟರು ಬೇಡವೆಂದಿಲ್ಲದಿದ್ದರೆ ಆಪರೇಷನ್‌ನ ಮರುದಿನವೇ ಪಾದ ಮೇಲೆ ಕೆಳಗೆ ಆಡಿಸಲು ಶುರು ಮಾಡಿ. ಟವೆಲ್ಲನ್ನು ಅಂಗಾಲಿಗೆ ಹಾಕಿ ನಿಮ್ಮ ಕಡೆಗೆ ಎಳೆದು ಮೂವತ್ತು ಎಣಿಸಿ. ಮೊಣಕಾಲ ಕೆಳಗೆ ಸುರುಳಿ ಇಟ್ಟು ಒತ್ತಿ ತೊಡೆ ಬಿಗಿ ಮಾಡಿ. ಮೊಣಕಾಲ ಕೆಳಗೆ ದಿಂಬಿಟ್ಟುಕೊಂಡು ದಿನವಿಡೀ ಮಲಗಬೇಡಿ, ಕಾಲು ಬಾಗಿದ ಹಾಗೇ ಉಳಿಯುತ್ತದೆ. ಫಿಸಿಯೋ ಕೇಂದ್ರಕ್ಕೆ ದಿನವೂ ಬರಲಾಗದಿದ್ದರೆ ವಾರಕ್ಕೊಮ್ಮೆ ಬಂದು ಕಲಿತು ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೂ ಸಾಲುತ್ತದೆ. ವಾರಕ್ಕೊಮ್ಮೆ ಬಂದು ಮನೆಯಲ್ಲಿ ಮಾಡದಿದ್ದರೆ ಏನೂ ಸಾಲದು. ವಯಸ್ಸಾದವರಿಗೆ ವಾಕರ್, ಕಿರಿಯರಿಗೆ ಕಂಕುಳ ಕೋಲು. ಬಚ್ಚಲಿಗೊಂದು ಪ್ಲಾಸ್ಟಿಕ್ ಕುರ್ಚಿ, ಶೌಚಕ್ಕೆ ಕಮೋಡ್ ಸ್ಟೂಲ್, ಇವನ್ನು ರೋಗಿ ಮನೆಗೆ ಬರುವ ಮುಂಚೆ ತರಿಸಿ.

ಊಟದಲ್ಲಿ ಪಥ್ಯದ ಹೆಸರಿನಲ್ಲಿ ನಡೆಯುವ ಅನ್ಯಾಯ ನಿಲ್ಲಬೇಕು. ಹುಳಿ ತಿಂದರೆ ಕೀವಾಗುತ್ತದೆ ಎಂದು ನಿಂಬೆ, ನೆಲ್ಲಿಕಾಯಿ ಬಿಡಿಸುತ್ತಾರೆ, ಆದರೆ ಗಾಯ ಕೂಡಲು ವಿಟಮಿನ್ ಸಿ ಬೇಕು. ಮೊಟ್ಟೆ, ಕಾಳು, ಹಾಲು, ಮೀನು, ರಾಗಿ ಎಲ್ಲ ಕೊಡಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕಾಲು ಸೂಪು ಕುಡಿಯಲಿ, ರುಚಿ ಚೆನ್ನ, ಆದರೆ ಅದೇ ಮದ್ದೆಂದು ಮೊಟ್ಟೆ ಬಿಡಬೇಡಿ. ಬೀಡಿ ಸಿಗರೇಟು ಮಾತ್ರ ನಿಲ್ಲಲೇಬೇಕು, ಸೇದುವವರಲ್ಲಿ ಮೂಳೆ ಕೂಡದೆ ಉಳಿಯುವುದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ.

ರಾತ್ರಿ ಬ್ರೇಕಿನ ಶಬ್ದಕ್ಕೆ ಬೆಚ್ಚುವುದು, ರಸ್ತೆ ದಾಟಲು ಕೈ ನಡುಗುವುದು, ದುಡಿಯದೆ ತಿನ್ನುತ್ತಿದ್ದೇನೆ ಎಂದು ಮಾತು ಬಿಡುವುದು, ಇವೂ ಪೆಟ್ಟಿನ ಭಾಗವೇ. ತಿಂಗಳಾದರೂ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಗಾಡಿ ಓಡಿಸುವ ಆತುರ ಎಲ್ಲರಿಗೂ ಇರುತ್ತದೆ. ಬಲಗಾಲು ಮುರಿದಿದ್ದರೆ, ಪೂರ್ತಿ ಭಾರ ಹಾಕಿ ನಡೆಯಲು ಶುರು ಮಾಡಿ 6 ವಾರಗಳಾಗುವವರೆಗೆ ಬ್ರೇಕ್ ಒತ್ತುವ ವೇಗ ಸಹಜ ಮಟ್ಟಕ್ಕೆ ಬರುವುದಿಲ್ಲ. ಎಡಗಾಲಾದರೆ ಸಿಗ್ನಲ್ಲಿನಲ್ಲಿ ಬೈಕಿನ ಭಾರ ಹೊತ್ತು ನಿಲ್ಲಲು ಆಗುತ್ತದೆಯೇ ಎಂದು ಮೊದಲು ಎಂಜಿನ್ ಬಂದ್ ಮಾಡಿ ಅಂಗಳದಲ್ಲಿ ನೋಡಿ.

ಕೊನೆಗೆ ಎಲ್ಲರೂ ಕೇಳುವುದು ರಾಡ್ ತೆಗೆಸಬೇಕೇ ಎಂದು. ತೊಂದರೆ ಇಲ್ಲದಿದ್ದರೆ ದೊಡ್ಡವರಲ್ಲಿ ತೆಗೆಸಲೇಬೇಕೆಂದಿಲ್ಲ. ಸ್ಕ್ರೂ ಚರ್ಮಕ್ಕೆ ಚುಚ್ಚುತ್ತಿದ್ದರೆ, ಪಾದದ ಗಂಟಿನ ಪ್ಲೇಟ್ ಬೂಟಿಗೆ ಉಜ್ಜುತ್ತಿದ್ದರೆ, ಸೋಂಕಿದ್ದರೆ ತೆಗೆಸಬೇಕು. ಸೋಂಕಿಲ್ಲದಿದ್ದರೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಕಳೆದು, ಮೂಳೆ ಪೂರ್ತಿ ಕೂಡಿದ ಮೇಲೆ. ಮೊಣಕಾಲಿನ ನೋವಿಗಾಗಿ ರಾಡ್ ತೆಗೆಸುವವರು ತಿಳಿದಿರಲಿ, ತೆಗೆಸಿದ ಮೇಲೂ ಎಲ್ಲರ ನೋವೂ ಹೋಗುವುದಿಲ್ಲ. ತೆಗೆಸಿದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬುವವರೆಗೆ ಕೆಲವು ವಾರ ಓಟ, ಜಿಗಿತ, ಭಾರ ಹೊರುವುದು ಬೇಡ. ಅಡಿಕೆ ಕೊಯ್ಲೋ ಭತ್ತದ ಕಟಾವೋ ಹತ್ತಿರವಿದ್ದರೆ ಅದು ಮುಗಿದ ಮೇಲೆ ದಿನ ಗೊತ್ತು ಮಾಡಿಕೊಳ್ಳಿ.